ಬೆಂಗಳೂರಿನಿಂದ ಬೀದರ್‌ಗೆ ಸೈಕಲ್: ದಿನಕ್ಕೆ 300 ರೂಪಾಯಿಯಲ್ಲಿ ಹೊಟ್ಟೆ ತುಂಬೀತೇ?

ಯಲಹಂಕದ ಸೈಕಲ್

ಸೈಕಲ್ ಗುಂಪಿನ ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ಬೀದರ್‌ವರೆಗೆ ಒಬ್ಬನೇ ಸೈಕಲ್‌ನಲ್ಲಿ ಹೋಗಬೇಕೆಂದಿದ್ದೇನೆ. ತುಮಕೂರು, ಹಿರಿಯೂರು, ಚಳ್ಳಕೆರೆ, ಬಳ್ಳಾರಿ, ಸಿಂಧನೂರು, ಕಲಬುರಗಿ ದಾರಿ. 700 ಕಿ.ಮೀ.ಗೂ ತುಸು ಹೆಚ್ಚು, ಒಂಬತ್ತು ದಿನ. ಮಲಗಲು ಡೇರೆ ಇದೆ, ದಾರಿಯಲ್ಲಿ ಗೆಳೆಯರ ಮನೆಗಳಿವೆ. ಊಟಕ್ಕೆ ದಿನಕ್ಕೆ 300 ರೂಪಾಯಿ ಎತ್ತಿಟ್ಟಿದ್ದೇನೆ.

ಇಷ್ಟು ಮುಂಚೆ ಕೇಳುವುದಕ್ಕೆ ಕಾರಣವಿದೆ. ಹೋದ ವರ್ಷ ಸಕಲೇಶಪುರಕ್ಕೆ ಹೊರಟು ಅರ್ಧದಲ್ಲೇ ವಾಪಸಾದೆ. ಎರಡನೆಯ ದಿನ ಬೆಳಿಗ್ಗೆ ಮೂರು ಇಡ್ಲಿ, ಒಂದು ವಡೆ, ಕಾಫಿ. ಹನ್ನೊಂದಕ್ಕೆ ಇನ್ನೊಂದು ಕಾಫಿ. ಹಸಿವೆನಿಸದ ಕಾರಣ ಊಟವನ್ನು ಮುಂದಕ್ಕೆ ಹಾಕುತ್ತಾ ಹೋದೆ. ಚನ್ನರಾಯಪಟ್ಟಣ ದಾಟಿದ ಮೇಲೆ ಬ್ರೇಕ್ ಹಿಡಿದ ಬೆರಳುಗಳು ನಡುಗತೊಡಗಿದವು. ಮೈಲಿಗಲ್ಲಿನ ಅಂಕಿಯನ್ನು ಎರಡು ಸಲ ಓದಿದರೂ ಎಷ್ಟು ದೂರವೆಂದು ತಲೆಗೆ ಹತ್ತಲಿಲ್ಲ. ಸುಮ್ಮಸುಮ್ಮನೆ ಅಳು ಬಂತು. ಕಬ್ಬಿನ ಹಾಲಿನ ಗಾಡಿಯೊಂದರ ಪಕ್ಕ ಸೈಕಲ್ ಮಲಗಿಸಿ ಎರಡು ಲೋಟ ಕುಡಿದೆ. ಕಾಲು ಗಂಟೆಯಲ್ಲಿ ಕಣ್ಣಿಗೆ ಬೆಳಕು ಬಂತು. ಆದರೆ ಧೈರ್ಯ ಮರಳಲಿಲ್ಲ. ಹಾಸನದಿಂದ ಬಸ್ಸಿನಲ್ಲಿ ಬಂದುಬಿಟ್ಟೆ.

ಮತ್ತೆ ಹಾಗಾಗಬಾರದು. ಏನು ತಿನ್ನಬೇಕು, ಯಾವಾಗ ತಿನ್ನಬೇಕು, ಇಷ್ಟು ದುಡ್ಡಿನಲ್ಲಿ ಆಗುತ್ತದೆಯೇ, ತಿಳಿದವರು ಹೇಳಿ.

ಹಳೇ ಗೇರ್

ನಿಮಗಾದದ್ದನ್ನು ಸವಾರರು ಬಾಂಕ್ ಎನ್ನುತ್ತಾರೆ, ಅಂದರೆ ದೇಹದಲ್ಲಿನ ಸಕ್ಕರೆ ಬರಿದಾಗುವುದು. ಅದನ್ನು ಮನಸ್ಸಿನ ದೌರ್ಬಲ್ಯವೆಂದು ಎಣಿಸಬೇಡಿ. ಅಳು ಬರುವುದೂ ಅದರದೇ ಭಾಗ, ಏಕೆಂದರೆ ಮಿದುಳಿಗೂ ಸಕ್ಕರೆಯೇ ಬೇಕು.

ಲೆಕ್ಕ ನೋಡಿ. ನಮ್ಮ ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟಿರುವ ಪಿಷ್ಟ ಹೆಚ್ಚೆಂದರೆ 400ರಿಂದ 500 ಗ್ರಾಂ. ಗ್ರಾಂಗೆ 4 ಕ್ಯಾಲೊರಿಯಂತೆ 1,600ರಿಂದ 2,000 ಕ್ಯಾಲೊರಿ. ಸಾಮಾನು ಹೇರಿದ ಸೈಕಲ್ ಅನ್ನು ಗಂಟೆಗೆ 16 ಕಿ.ಮೀ. ವೇಗದಲ್ಲಿ ತುಳಿದರೆ ಮಧ್ಯಮ ಮೈಕಟ್ಟಿನವರಿಗೆ ಗಂಟೆಗೆ 400ರಿಂದ 500 ಕ್ಯಾಲೊರಿ ಹೋಗುತ್ತದೆ. ದಿನಕ್ಕೆ 80 ಕಿ.ಮೀ. ಎಂದರೆ ಐದು ಗಂಟೆ, ತುಳಿತಕ್ಕೇ 2,000ದಿಂದ 2,500. ಉಸಿರಾಡಲು, ಓಡಾಡಲು, ನಿದ್ದೆ ಮಾಡಲು ಬೇಕಾದ ಸುಮಾರು 2,000ವನ್ನು ಸೇರಿಸಿದರೆ ದಿನಕ್ಕೆ 4,000 ದಾಟಿತು.

ನಿಮ್ಮ ಮೂರು ಇಡ್ಲಿ ಸೇರಿ 200 ಕ್ಯಾಲೊರಿಯ ಆಸುಪಾಸು, ಅಂದರೆ ಅರ್ಧ ಗಂಟೆಯ ದಾರಿ. ವಡೆ ಇನ್ನೊಂದು ಇಪ್ಪತ್ತು ನಿಮಿಷ ಎಳೆದೀತು. ಉಳಿದ ದಾರಿಯನ್ನೆಲ್ಲ ಹಿಂದಿನ ದಿನದ ಉಳಿತಾಯದಲ್ಲಿ ತುಳಿದಿದ್ದೀರಿ. ಆ ಉಳಿತಾಯ ಮೊದಲನೆಯ ದಿನವೇ ಅರ್ಧ ಕರಗಿತ್ತು.

ಹಸಿವನ್ನು ಕಾಯಬೇಡಿ. ಬಿಸಿಲಿನಲ್ಲಿ ತುಳಿಯುವಾಗ ಹಸಿವು ಸತ್ತಿರುತ್ತದೆ. ಹೊರಟ ಒಂದು ಗಂಟೆಗೆ ತಿನ್ನಲು ಶುರು ಮಾಡಿ, ಆಮೇಲೆ ಪ್ರತಿ ಗಂಟೆಗೂ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಒಳಗೆ ಹೋಗಲಿ. ಒಂದು ಪಚ್ಚಬಾಳೆ ಮತ್ತು ನಿಂಬೆಹಣ್ಣಿಗಿಂತ ಚಿಕ್ಕದಾದ ಒಂದು ಬೆಲ್ಲದ ಉಂಡೆ, ಎರಡೂ ಸೇರಿ 50 ಗ್ರಾಂ ಆಗುತ್ತದೆ. ನಾನು ಕೈಗಡಿಯಾರದಲ್ಲಿ ಗಂಟೆಗೊಮ್ಮೆ ಸದ್ದಾಗುವಂತೆ ಇಟ್ಟುಕೊಂಡು ಇಪ್ಪತ್ತು ವರ್ಷವಾಯಿತು.

ಗವಿಪುರದ ಗಾಲಿ

300 ರೂಪಾಯಿ ಧಾರಾಳವಾಗಿ ಸಾಕು, ಬೇಕಾದ ಕ್ಯಾಲೊರಿಯಲ್ಲಿ ಅರ್ಧದಷ್ಟನ್ನು ಕಿರಾಣಿ ಅಂಗಡಿಯಿಂದ ಕೊಂಡರೆ. ಪೂರ್ತಿ ಹೋಟೆಲ್ ನಂಬಿದರೆ ಸಾಲುವುದಿಲ್ಲ.

ನಮ್ಮ ಬೀದಿಯ ಅಂಗಡಿಯಲ್ಲಿ ಕಡಲೇಕಾಯಿ ಬೀಜ ಕಿಲೋಗೆ 160 ರೂಪಾಯಿ, ಬೆಲ್ಲ 70. ಬೀಜ 100 ಗ್ರಾಂಗೆ 560 ಕ್ಯಾಲೊರಿಗೂ ಹೆಚ್ಚು, ಬೆಲ್ಲ 380. ಹತ್ತು ರೂಪಾಯಿಯ ಬೀಜದಲ್ಲಿ 350 ಕ್ಯಾಲೊರಿ, ಹತ್ತು ರೂಪಾಯಿಯ ಬೆಲ್ಲದಲ್ಲಿ 540. ಸೈಕಲ್ ಅಂಗಡಿಯಲ್ಲಿ ಗಾಜಿನ ಕಪಾಟಿನೊಳಗಿಟ್ಟು ಮಾರುವ ಎನರ್ಜಿ ಜೆಲ್ ಪೊಟ್ಟಣದಲ್ಲಿ 100 ಕ್ಯಾಲೊರಿ ಇರುತ್ತದೆ, ಅದರ ಬೆಲೆಗೆ ಒಬ್ಬರ ಊಟ ಮುಗಿಯುತ್ತದೆ. ಸ್ಪರ್ಧೆಗೆ ಹೋಗುವವರಿಗೆ ಅದು ಬೇಕಾಗಬಹುದು. ನಮ್ಮಂಥ ಊರೂರು ಅಲೆಯುವವರಿಗೆ ಬೇಡ.

ಬಸವನಗುಡಿ ಪರಿಷೆಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಾಯಿ ತಂದು, ಸುಲಿದು, ಹುರಿದು ಪ್ರತಿ ವರ್ಷ ಈ ಪುಡಿ ಮಾಡಿಕೊಳ್ಳುತ್ತೇನೆ. ಹುರಿದ ಬೀಜ ಕಾಲು ಕಿಲೋ, ಹುರಿಗಡಲೆ 150 ಗ್ರಾಂ, ಒಣಕೊಬ್ಬರಿ 100 ಗ್ರಾಂ, ಬೆಲ್ಲ ಕಾಲು ಕಿಲೋ, ಒಂದು ಚಿಟಿಕೆ ಉಪ್ಪು, ಏಲಕ್ಕಿ. ಬೀಜದ ಸಿಪ್ಪೆಯನ್ನು ಮೊರದಲ್ಲಿ ಕೇರಿ ತೆಗೆಯಬೇಕು, ಇಲ್ಲದಿದ್ದರೆ ದಾರಿಯಲ್ಲಿ ಗಂಟಲಿಗೆ ಅಂಟುತ್ತದೆ. ಎಲ್ಲವನ್ನೂ ತರಿತರಿಯಾಗಿ ಕುಟ್ಟಿ. ತೀರ ನುಣ್ಣಗಾದರೆ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗುತ್ತದೆ. 750 ಗ್ರಾಂ ಪುಡಿ, 3,500 ಕ್ಯಾಲೊರಿ, ಖರ್ಚು ನೂರು ರೂಪಾಯಿಯ ಆಸುಪಾಸು. ಹ್ಯಾಂಡಲ್ ಚೀಲದಲ್ಲಿ ಚಮಚದ ಜೊತೆ ಇಟ್ಟುಕೊಳ್ಳಿ.

ಮಲ್ಲೇಶ್ವರದ ಪೆಡಲ್

ಗಾಲಿ ಅಕ್ಕ ಹೇಳಿದ್ದಕ್ಕೆ ಒಂದು ತಕರಾರು. ಕಡಲೇಬೀಜದಲ್ಲಿ ಅರ್ಧದಷ್ಟು ಕೊಬ್ಬು. ಜೀರ್ಣವಾಗಲು ಹೊತ್ತು ಬೇಕು. ಚಾರ್ಮಾಡಿ ಘಾಟಿ ಹತ್ತುವ ಮೊದಲು ನಾನು ಎರಡು ಹಿಡಿ ಬೀಜ ತಿಂದೆ. ಮೂರನೆಯ ತಿರುವಿನಲ್ಲಿ ಹೊಟ್ಟೆಯಲ್ಲಿ ಕಲ್ಲು ಕೂತಂತಾಯಿತು, ಆರನೆಯ ತಿರುವಿನಲ್ಲಿ ವಾಂತಿ. ಏರು ಇರುವ ದಿನ ತುಳಿಯುವ ಹೊತ್ತಿನಲ್ಲಿ ಬೆಲ್ಲ, ಬಾಳೆಹಣ್ಣು, ಖರ್ಜೂರ, ಬೇಕರಿಯ ಬನ್ನು ಮಾತ್ರ. ಬೀಜ, ಕೊಬ್ಬರಿ, ತುಪ್ಪ ಎಲ್ಲ ಸೈಕಲ್ ನಿಲ್ಲಿಸಿದ ಮೇಲೆ.

ಹಳೇ ಗೇರ್

ಪೆಡಲ್ ಅವರ ಮಾತು ಘಾಟಿಗೆ ಸರಿ. ಏದುಸಿರು ಬರುವಷ್ಟು ತುಳಿದಾಗ ದೇಹ ಸಕ್ಕರೆಯನ್ನೇ ಸುಡುತ್ತದೆ, ರಕ್ತವೆಲ್ಲ ಕಾಲಿಗೆ ಹರಿದು ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಆದರೆ ಹಿರಿಯೂರಿನಿಂದ ಮುಂದೆ ಬಯಲು ಸೀಮೆ. ಪಕ್ಕದವರೊಡನೆ ಮಾತಾಡುತ್ತಾ ಹೋಗಬಹುದಾದ ವೇಗದಲ್ಲಿ ದೇಹ ಕೊಬ್ಬನ್ನೂ ಚೆನ್ನಾಗಿಯೇ ಬಳಸುತ್ತದೆ, ಅಲ್ಲಿ ಅಕ್ಕನ ಪುಡಿ ಒಂದೊಂದೇ ಚಮಚ ನಡೆಯುತ್ತದೆ. ಒಮ್ಮೆಗೇ ಎರಡು ಹಿಡಿ ಮಾತ್ರ ಬೇಡ.

ರಾಗಿಕಣ

ಇಷ್ಟು ಹೊತ್ತಾದರೂ ಹುರಿಹಿಟ್ಟಿನ ಹೆಸರನ್ನು ಯಾರೂ ಎತ್ತಲಿಲ್ಲವಲ್ಲ! ನಾನು ಮಾಗಡಿ ಕಡೆಯವನು, ಈಗ ಸುಂಕದಕಟ್ಟೆಯಲ್ಲಿದ್ದೇನೆ. ನಮ್ಮ ತಾತ ಹೊಲಕ್ಕೆ ಹೋಗುವಾಗ ಟವೆಲಿನ ಅಂಚಿಗೆ ಹುರಿಹಿಟ್ಟು, ಬೆಲ್ಲ ಗಂಟು ಹಾಕಿಕೊಳ್ಳುತ್ತಿದ್ದರು. ಒಲೆ ಬೇಡ, ಪಾತ್ರೆ ಬೇಡ.

ರಾಗಿಯನ್ನು ಒದ್ದೆ ಮಾಡಿ, ಕಾದ ಮರಳಿನಲ್ಲಿ ಅರಳಿಸಿ ಬೀಸಿದ್ದು ಹುರಿಹಿಟ್ಟು. ಮುದ್ದೆಗೆ ಬಳಸುವ ಹಸಿ ರಾಗಿ ಹಿಟ್ಟು ಬೇರೆ. ಅದನ್ನು ಹಾಗೆಯೇ ಕಲಸಿ ತಿಂದರೆ ಹೊಟ್ಟೆ ಕೆಡುತ್ತದೆ. ಅಂಗಡಿಯಲ್ಲಿ ಕೇಳುವಾಗ ಜೋಪಾನ. ಹುರಿಹಿಟ್ಟಿಗೆ ಪಾಪ್‌ಕಾರ್ನ್‌ನಂಥ ಘಮ ಇರುತ್ತದೆ, ಬಣ್ಣ ತಿಳಿಯಾಗಿರುತ್ತದೆ, ನಾಲಿಗೆಗಿಟ್ಟರೆ ಕರಗುತ್ತದೆ.

ನಾನು ಮಾಡುವ ರೀತಿ ಹೀಗೆ. ಬೆಳಿಗ್ಗೆ ಐದೂವರೆಗೆ ಹಾಲಿನ ಬೂತ್ ತೆರೆಯುತ್ತದೆ. ಅರ್ಧ ಲೀಟರ್ ನಂದಿನಿ ಹಾಲು ಕೊಳ್ಳುತ್ತೇನೆ. ಸ್ಟೀಲ್ ಲೋಟಕ್ಕೆ ಮೊದಲು ಪುಡಿ ಬೆಲ್ಲ, ಅದು ಮುಳುಗುವಷ್ಟು ಹಾಲು. ಬೆಲ್ಲ ಕರಗಿದ ಮೇಲೆ ಹಿಟ್ಟು. ಹಾಲಿನ ಮೇಲೆ ಹಿಟ್ಟು ಉದುರಿಸಬೇಕು. ಹಿಟ್ಟಿನ ಮೇಲೆ ಹಾಲು ಸುರಿದರೆ ಗಂಟು ಕಟ್ಟುತ್ತದೆ, ಒಳಗೆ ಒಣ ಹಿಟ್ಟು ಉಳಿದು ಕೆಮ್ಮು ಬರುತ್ತದೆ. ಬೆರಳಿನಲ್ಲೇ ತಿರುವಿ, ಎರಡು ನಿಮಿಷ ಬಿಟ್ಟರೆ ಗಟ್ಟಿಯಾಗುತ್ತದೆ, ಆಗ ಉಳಿದ ಹಾಲು. 100 ಗ್ರಾಂ ಹುರಿಹಿಟ್ಟು, 50 ಗ್ರಾಂ ಬೆಲ್ಲ, ಅರ್ಧ ಲೀಟರ್ ಹಾಲು ಸೇರಿ 800 ಕ್ಯಾಲೊರಿ ದಾಟುತ್ತದೆ. ಹೋಟೆಲ್ ಬಾಗಿಲು ತೆರೆಯುವ ಹೊತ್ತಿಗೆ ನಾನು 25 ಕಿ.ಮೀ. ಮುಗಿಸಿರುತ್ತೇನೆ. ಹಾಲು ಸಿಗದ ಕಡೆ ಮಜ್ಜಿಗೆಯಲ್ಲಿ ಉಪ್ಪು ಹಾಕಿ ಕಲಸಿ, ಅದೂ ಇಲ್ಲದಿದ್ದರೆ ನೀರಿನಲ್ಲಿ. ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಸಿಂಧನೂರು ರಸ್ತೆ

ನಾನು ಪೀಣ್ಯದಲ್ಲಿ ಕೆಲಸ ಮಾಡುತ್ತೇನೆ, ಊರು ಸಿಂಧನೂರಿನ ಹತ್ತಿರ. ನೀವು ಹೋಗುವ ದಾರಿಯಲ್ಲಿ ಎರಡು ಸಲ ಸೈಕಲ್‌ನಲ್ಲೇ ಊರಿಗೆ ಹೋಗಿದ್ದೇನೆ.

ತುಮಕೂರಿನವರೆಗೆ ಚಿಂತೆಯಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಎರಡು ತಿಂದರೆ ದರ್ಶಿನಿಯ ನಾಲ್ಕೈದು ಇಡ್ಲಿಗೆ ಸಮ, ಬೆಣ್ಣೆ ಕೇಳಿ ಹಾಕಿಸಿಕೊಳ್ಳಿ. ಚಳ್ಳಕೆರೆಯನ್ನು ಎಣ್ಣೆ ನಗರ ಎನ್ನುತ್ತಾರೆ. ಶೇಂಗಾ ಎಣ್ಣೆ ಮಿಲ್ಲುಗಳಿಂದ ಬಂದ ಹೆಸರು. ಬೀಜವನ್ನು ಬೆಂಗಳೂರಿನಿಂದ ಹೊತ್ತೊಯ್ಯುವ ಬದಲು ಅಲ್ಲೇ ಕೊಳ್ಳಿ. ಚಳ್ಳಕೆರೆಯಿಂದ ಬಳ್ಳಾರಿ ನೂರು ಕಿ.ಮೀ. ಆಸುಪಾಸು, ಮರದ ನೆರಳೂ ಕಡಿಮೆ. ಆ ದಿನ ಚೀಲದಲ್ಲಿ ಒಂದು ಹೊತ್ತಿನ ಪೂರ್ತಿ ಊಟ ಇರಲೇಬೇಕು.

ಬಳ್ಳಾರಿಯಿಂದ ಮುಂದೆ ಬೆಳಗಿನ ತಿಂಡಿಗೆ ಒಗ್ಗರಣೆ ಮತ್ತು ಮಿರ್ಚಿ ಕೊಡುತ್ತಾರೆ. ಮಂಡಕ್ಕಿಯ ಒಗ್ಗರಣೆ ತಟ್ಟೆಯ ತುಂಬ ಗೋಪುರದ ಹಾಗೆ ಕಾಣುತ್ತದೆ, ಆದರೆ ಒಳಗಿರುವುದು ಗಾಳಿ. ತೂಗಿದರೆ ಐವತ್ತು ಗ್ರಾಂ ಮಂಡಕ್ಕಿ ಇರುವುದಿಲ್ಲ. ಅದನ್ನೇ ನಂಬಿ ಹೊರಟರೆ ಚನ್ನರಾಯಪಟ್ಟಣದ ಕಥೆ ಮತ್ತೆ ಆದೀತು. ಸಿರುಗುಪ್ಪ, ಸಿಂಧನೂರು ತುಂಗಭದ್ರಾ ಕಾಲುವೆಯ ಭತ್ತದ ನಾಡು. ಅಲ್ಲಿ ಅನ್ನ ಕೈಬಿಚ್ಚಿ ಬಡಿಸುತ್ತಾರೆ.

ಮಧ್ಯಾಹ್ನ ಖಾನಾವಳಿ ಹುಡುಕಿ. ಒಂದು ಜೋಳದ ರೊಟ್ಟಿ ಸುಮಾರು 150 ಕ್ಯಾಲೊರಿ. ನಾನು ನಾಲ್ಕು ತಿನ್ನುತ್ತೇನೆ. ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ (ಚಟ್ನಿ ಪುಡಿ), ಮೊಸರು, ಆಮೇಲೆ ಅನ್ನ ಸಾರು. ಹಿಂಡಿಯ ಮೇಲೆ ಎಣ್ಣೆ ಹಾಕಲೇ ಎಂದು ಕೇಳುತ್ತಾರೆ. ಹೂಂ ಎನ್ನಿ. ಒಂದು ದೊಡ್ಡ ಚಮಚ ಎಣ್ಣೆ 120 ಕ್ಯಾಲೊರಿ, ದುಡ್ಡು ಕೇಳುವುದಿಲ್ಲ. ಸೈಕಲ್‌ನಲ್ಲಿ ಬೆಂಗಳೂರಿನಿಂದ ಬಂದೆ ಎಂದರೆ ಅಕ್ಕಂದಿರು ಎಲೆ ಬರಿದಾಗಲು ಬಿಡುವುದಿಲ್ಲ. ಊಟವಾದ ಮೇಲೆ ಒಂದು ಗಂಟೆ ಮರದಡಿ ಮಲಗಿ. ಹೇಗೂ ಬಿಸಿಲು.

ಕಟಕ ರೊಟ್ಟಿ, ಅಂದರೆ ಒಣಗಿಸಿದ ಗರಿಗರಿ ರೊಟ್ಟಿ, ಒಂದು ಕಟ್ಟು ಕೊಂಡುಕೊಳ್ಳಿ, ವಾರಗಟ್ಟಲೆ ಕೆಡುವುದಿಲ್ಲ. ಚೀಲದಲ್ಲಿ ಪುಡಿಯಾದರೆ ಮೊಸರಿನಲ್ಲಿ ನೆನೆಸಿ, ಹಿಂಡಿ ಕಲಸಿ ತಿನ್ನಿ. ಪುಡಿಯಾದದ್ದೇ ರುಚಿ ಎನ್ನುವವರು ನಮ್ಮ ಮನೆಯಲ್ಲಿದ್ದಾರೆ.

ನಿಧಾನ ಪಯಣ

ದುಡ್ಡಿನ ಬಗ್ಗೆ ಎರಡು ಮಾತು. ಇಂದಿರಾ ಕ್ಯಾಂಟೀನ್ ಬೆಂಗಳೂರಿನಲ್ಲಿ 2017ರ ಆಗಸ್ಟ್‌ನಲ್ಲಿ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟರು. ಈಗ ಹೊರಗಿನ ಊರುಗಳಲ್ಲೂ ಇವೆ. ಮೊದಲ ಸರದಿಗೇ ಹೋಗಿ. ಎರಡನೆಯದು, ತುಮಕೂರಿನ ಸಿದ್ಧಗಂಗಾ ಮಠದಲ್ಲಿ ದಾಸೋಹವಿದೆ, ದಾರಿಯಲ್ಲಿ ಬೇರೆ ಮಠ, ದೇವಸ್ಥಾನಗಳೂ ಸಿಗುತ್ತವೆ. ನಾನು ಧರ್ಮಸ್ಥಳ, ಹೊರನಾಡು ಕಡೆ ಸೈಕಲ್‌ನಲ್ಲಿ ಹೋದಾಗ ಎರಡು ದಿನ ಊಟಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ.

ಮಲ್ಲೇಶ್ವರದ ಪೆಡಲ್

ಇದು ನನಗೆ ಹಿಡಿಸುವುದಿಲ್ಲ. ದಾಸೋಹ ಬಡ ಮಕ್ಕಳಿಗೆ, ಯಾತ್ರಿಕರಿಗೆ ಇರುವುದು. ಮೂವತ್ತು ನಲವತ್ತು ಸಾವಿರದ ಸೈಕಲ್ ಏರಿ ಹೋಗಿ ಉಳಿತಾಯದ ಲೆಕ್ಕಕ್ಕೆ ಪಂಕ್ತಿಯಲ್ಲಿ ಕೂರುವುದು ಸರಿಯೇ? ಕ್ಯಾಂಟೀನಿನ ವಿಷಯದಲ್ಲೂ ಹಾಗೆ. ನಮ್ಮ ಹಿಂದೆ ನಿಂತ ಗಾರೆ ಕೆಲಸದವರಿಗೆ ಊಟ ಮುಗಿದಿದೆ ಎಂದರೆ ಆ ಅನ್ನ ನಮಗೆ ದಕ್ಕುತ್ತದೆಯೇ?

ನಿಧಾನ ಪಯಣ

ನಿಮ್ಮ ಮಾತು ಚುಚ್ಚಿತು, ಒಂದು ರಾತ್ರಿ ಯೋಚಿಸಿ ಬರೆಯುತ್ತಿದ್ದೇನೆ. ಕ್ಯಾಂಟೀನಿನ ಮಾತನ್ನು ಒಪ್ಪುತ್ತೇನೆ. ಸರದಿ ಉದ್ದವಿದ್ದರೆ ನಾನು ನಿಲ್ಲುವುದಿಲ್ಲ. ದಾಸೋಹದ ವಿಷಯದಲ್ಲಿ ಒಪ್ಪಲಾರೆ. ಅಲ್ಲಿ ನೀನಾರು ಎಂದು ಕೇಳದೆ ಬಡಿಸುವುದೇ ಅದರ ಜೀವ, ನಾನು ಯಾರೆಂದು ನಾನೇ ತಡೆದು ನಿಲ್ಲಿಸುವುದೂ ಒಂದು ಬಗೆಯ ಬಿಂಕವೇ. ಆದರೆ ಉಂಡ ಮೇಲೆ ಬಡಿಸಲು ನಿಲ್ಲುತ್ತೇನೆ, ಇಲ್ಲವೇ ಹುಂಡಿಗೆ ಹೋಟೆಲಿನಲ್ಲಿ ಕೊಡುತ್ತಿದ್ದಷ್ಟನ್ನು ಹಾಕುತ್ತೇನೆ. ಆದ್ದರಿಂದ ಒಂದು ರೂಪಾಯಿ ಖರ್ಚಾಗಲಿಲ್ಲ ಎಂದು ಬರೆದದ್ದು ಪೂರ್ತಿ ನಿಜವಲ್ಲ.

ಬಳ್ಳಾರಿ ಬಿಸಿಲು

ನೀರಿನ ಮಾತು ಬರಲಿಲ್ಲ. ನಮ್ಮ ಕಡೆ ಡಿಸೆಂಬರ್‌ನಲ್ಲೂ ಮಧ್ಯಾಹ್ನದ ಬಿಸಿಲು ಬಿಸಿಲೇ. ಬಾಟಲಿ ನೀರಿಗೇ ದಿನಕ್ಕೆ ನೂರು ರೂಪಾಯಿ ಹೋದರೆ 300ರಲ್ಲಿ ಉಳಿಯುವುದೇನು? ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ 20 ಲೀಟರ್ ಒಂದೇ ಸಲ ಸುರಿಯುತ್ತದೆ. ನಮಗೆ ಬೇಕಾದದ್ದು ಎರಡು ಲೀಟರ್. ನಾನು ಕ್ಯಾನು ತಂದವರಿಗಾಗಿ ಕಾಯುತ್ತೇನೆ. ರಾಂಪುರದ ಬಳಿ ಒಬ್ಬ ಅಜ್ಜಿ ಸೊಂಟದ ಮೇಲೆ ಕ್ಯಾನು ಇಟ್ಟುಕೊಂಡು ಬಂದರು. ನಾಣ್ಯ ನಾನೇ ಹಾಕಿದೆ. ಮೊದಲು ನನ್ನ ಎರಡು ಬಾಟಲಿ ಹಿಡಿಯಲು ಹೇಳಿ, ಆಮೇಲೆ ತಮ್ಮ ಕ್ಯಾನು ಒಡ್ಡಿದರು. ಕೊನೆಯಲ್ಲಿ ಹರಿದ ನೀರಿನಲ್ಲಿ ನನ್ನ ತಲೆಗೆ ಒಂದು ಬೊಗಸೆ ತಟ್ಟಿ, "ತಣ್ಣಗ ಹೋಗವ್ವ" ಎಂದರು.

ಬರೀ ನೀರು ಕುಡಿಯುತ್ತಾ ಹೋಗಬೇಡಿ. ಬೆವರಿನಲ್ಲಿ ಉಪ್ಪು ಹೋಗಿರುತ್ತದೆ. ಉಪ್ಪು ಹಾಕಿದ ಮಜ್ಜಿಗೆ ಎಲ್ಲಕ್ಕಿಂತ ಒಳ್ಳೆಯದು. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಭೇದಿಯಾದಾಗ ಮಕ್ಕಳಿಗೆ ಕೊಡುವ ಅದೇ ಅಳತೆ. ಮಧ್ಯಾಹ್ನ ಎರಡರ ಮೇಲೆ ಹೋಟೆಲಿನ ಕಾಯಿ ಚಟ್ನಿ ಮುಟ್ಟಬೇಡಿ. ಹೊಟ್ಟೆ ಕೆಟ್ಟರೆ ಯಾವ ಕ್ಯಾಲೊರಿಯೂ ಒಳಗೆ ನಿಲ್ಲುವುದಿಲ್ಲ.

ಗವಿಪುರದ ಗಾಲಿ

ಇನ್ನೊಂದು ವಿಷಯವನ್ನು ಮನಸ್ಸಿಟ್ಟು ಹೇಳುತ್ತೇನೆ. ನಮ್ಮ ಗುಂಪಿನಲ್ಲಿ ಕೆಲವರು, ಅದರಲ್ಲೂ ಹೆಣ್ಣುಮಕ್ಕಳು, ಟೂರ್ ನೆಪದಲ್ಲಿ ತೂಕ ಇಳಿಸುತ್ತೇನೆಂದು ಹೊರಡುತ್ತಾರೆ. ನಾನೂ ಒಮ್ಮೆ ಹಾಗೆ ಹೊರಟಿದ್ದೆ. ನಾಲ್ಕನೆಯ ದಿನದಿಂದ ರಾತ್ರಿ ಎರಡು ಗಂಟೆಗೆ ಹಸಿವಿನಿಂದ ಎಚ್ಚರ, ಬೆಳಿಗ್ಗೆ ಏರುಗಳಲ್ಲಿ ಸಿಟ್ಟು. ಜೊತೆಯವರ ಮೇಲೆ ರೇಗಿದ್ದಕ್ಕೆ ಈಗಲೂ ಬೇಸರವಿದೆ. ಆ ತಿಂಗಳು ಮುಟ್ಟೂ ಆಗಲಿಲ್ಲ. ದೇಹ ಅಷ್ಟು ಸ್ಪಷ್ಟವಾಗಿ ಸಾಕು ಎಂದಿತ್ತು.

ಸಂಜೆ ಸೈಕಲ್ ನಿಲ್ಲಿಸಿದ ಒಂದು ಗಂಟೆಯೊಳಗೆ ತಿನ್ನಿ, ಸ್ನಾನ ಆಮೇಲೆ. ಎರಡು ಬೇಯಿಸಿದ ಮೊಟ್ಟೆ, ಒಂದು ಬ್ರೆಡ್ಡು, ಹಾಲು. ಮೊಟ್ಟೆ ಬೇಡದವರಿಗೆ ಹುರಿಗಡಲೆ. ರಾತ್ರಿ ಅನ್ನ ಸಾರು ಆದ ಮೇಲೆ ಮೊಸರನ್ನದ ಇನ್ನೊಂದು ಪಾಲು. ಚಿಕ್ಕ ತುಪ್ಪದ ಪೊಟ್ಟಣ ಜೇಬಿನಲ್ಲಿರಲಿ. ಮಲಗುವಾಗ ತಲೆಯ ಪಕ್ಕ ಎರಡು ಬಾಳೆಹಣ್ಣು.

ಯಲಹಂಕದ ಸೈಕಲ್

ಎಲ್ಲರಿಗೂ ಧನ್ಯವಾದ. ಒಲೆ ಒಯ್ಯಬೇಕೇ?

ಹಳೇ ಗೇರ್

ಬೇಡ. ಒಲೆ, ಇಂಧನ, ಪಾತ್ರೆ ಸೇರಿ ಒಂದೂವರೆ ಕಿಲೋ. ಅದೇ ತೂಕಕ್ಕೆ ಅಕ್ಕನ ಪುಡಿ ಒಯ್ದರೆ 7,000 ಕ್ಯಾಲೊರಿ. ಲಡಾಖ್‌ಗೆ ಹೋಗುವಾಗ ಮತ್ತೆ ಕೇಳಿ.

ಯಲಹಂಕದ ಸೈಕಲ್

ಬೀದರ್ ಕೋಟೆಯ ಮುಂದೆ ಕುಳಿತು ಬರೆಯುತ್ತಿದ್ದೇನೆ. ಒಂಬತ್ತು ದಿನ ಎಂದಿದ್ದೆ, ಹತ್ತಾಯಿತು. ಸಿಂಧನೂರಿನಲ್ಲಿ ಒಂದು ದಿನ ಹೆಚ್ಚು ಉಳಿದೆ. ಊಟ, ತಿಂಡಿ, ಹಾಲು, ಹಣ್ಣು ಎಲ್ಲ ಸೇರಿ 2,870 ರೂಪಾಯಿ.

ರಾಗಿಕಣ ಅವರೇ, ಮೊದಲ ಮೂರು ದಿನ ಹುರಿಹಿಟ್ಟು ಗಂಟಾಗುತ್ತಿತ್ತು, ನಾಲ್ಕನೆಯ ದಿನ ಕೈಗೆ ಬಂತು. ಚಳ್ಳಕೆರೆಯಿಂದ ಬಳ್ಳಾರಿಯ ದಿನವೇ ನನಗೆ ಭಯವಿದ್ದದ್ದು. ಗಂಟೆಗೊಮ್ಮೆ ಮೊಬೈಲ್ ಸದ್ದು ಮಾಡಿದಾಗಲೆಲ್ಲ ಹಸಿವಿರಲಿಲ್ಲ, ಆದರೂ ತಿಂದೆ. ಸಂಜೆ ಬಳ್ಳಾರಿಯ ಗುಡ್ಡ ಕಂಡಾಗ ಕೈ ನಡುಗುತ್ತಿರಲಿಲ್ಲ. ಅಷ್ಟಕ್ಕೇ ರಸ್ತೆ ಬದಿ ನಿಂತು ಕೈಯನ್ನೇ ನೋಡಿಕೊಂಡೆ.

ಕೆಟ್ಟ ದಿನ ಒಂದೇ. ಲಿಂಗಸುಗೂರು ಬಿಟ್ಟ ಮೇಲೆ ಎದುರುಗಾಳಿ. ಪುಡಿ ಖಾಲಿಯಾಗಿತ್ತು, ಕೊಳ್ಳುವುದನ್ನು ಮರೆತಿದ್ದೆ. ತಿಂಥಣಿ ಸೇತುವೆಯ ಮೇಲೆ ಕೃಷ್ಣೆಯನ್ನು ನೋಡುತ್ತಾ ನಿಂತಾಗ ತಲೆ ಹಗುರಾಗತೊಡಗಿತು. ಈ ಸಲ ಗುರುತು ಸಿಕ್ಕಿತು. ಚೀಲ ಬಿಚ್ಚಿದರೆ ಕಟಕ ರೊಟ್ಟಿಯ ಚೂರುಗಳು, ತಳದಲ್ಲಿ ಸ್ವಲ್ಪ ಬೆಲ್ಲ. ಎರಡನ್ನೂ ಅಂಗೈಯಲ್ಲಿ ನೀರು ಹಾಕಿ ಕಲಸಿ ತಿಂದೆ. ಇಪ್ಪತ್ತು ನಿಮಿಷ ಕೂತು ಹೊರಟೆ.

ಖಾನಾವಳಿಯ ಅಕ್ಕಂದಿರ ವಿಷಯದಲ್ಲಿ ಸಿಂಧನೂರು ರಸ್ತೆ ಅವರು ಹೇಳಿದ್ದು ನಿಜ. ಜೇವರ್ಗಿಯಲ್ಲಿ ನಾಲ್ಕು ರೊಟ್ಟಿಗೆ ದುಡ್ಡು ತೆಗೆದುಕೊಂಡು ಆರು ತಿನ್ನಿಸಿದರು.

ಸಿಂಧನೂರು ರಸ್ತೆ

ಹಿಂಡಿ ತಂದಿರಾ?

ಯಲಹಂಕದ ಸೈಕಲ್

ಒಂದು ಕಿಲೋ ಕಟ್ಟಿಸಿಕೊಂಡಿದ್ದೇನೆ, ಸೈಕಲ್ ಜೊತೆ ಬಸ್ಸಿನಲ್ಲಿ ಬರುತ್ತಿದೆ. ಭಾನುವಾರ ನಂದಿ ಬೆಟ್ಟಕ್ಕೆ ಹೋಗುವವರು ಬೆಳಿಗ್ಗೆ ಐದಕ್ಕೆ ಯಲಹಂಕದಲ್ಲಿ ಸಿಗಿ. ರೊಟ್ಟಿ ನಾನು ತರುತ್ತೇನೆ, ಮೊಸರು ಯಾರಾದರೂ ತನ್ನಿ.